ಜಹೀರಾಬಾದಿಗೆ ಎಷ್ಟು ತಾಸು?

ನಮ್ಮ ಕಡೆ ಯಾರನ್ನಾದರೂ ಇಂಥ ಊರು ಎಷ್ಟು ದೂರ ಅಂತ ಕೇಳಿ ನೋಡಿ. ಕಿಲೋಮೀಟರಿನಲ್ಲಿ ಉತ್ತರ ಕೊಟ್ಟವನು ಲಾರಿ ಡ್ರೈವರ್ ಆಗಿರಬೇಕು, ಇಲ್ಲವೇ ಮೊನ್ನೆ ಮೊನ್ನೆ ವರ್ಗವಾಗಿ ಬಂದ ಬ್ಯಾಂಕಿನವನು. ಉಳಿದವರೆಲ್ಲ ಕೈಯನ್ನು ಗಾಳಿಯಲ್ಲಿ ಹೀಗೊಮ್ಮೆ ಬೀಸಿ "ಇಲ್ಲೇ ಅದರಿ" ಅಂದುಬಿಡುತ್ತಾರೆ. ಜಹೀರಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬೀದರ್ ಕೇಳಿದರೂ ಇಲ್ಲೇ, ಹೈದರಾಬಾದ್ ಕೇಳಿದರೂ ಇಲ್ಲೇ. ಒಂದು 30 ಕಿ.ಮೀ. ಆಸುಪಾಸು, ಇನ್ನೊಂದು 100ರ ಮೇಲೆ. ನಡುವೆ ಸದಾಶಿವಪೇಟೆ, ಸಂಗಾರೆಡ್ಡಿ, ಪಟಾನ್‌ಚೆರು ಅಂತ ಊರ ಮೇಲೆ ಊರು ಬಂದರೂ ಕೈ ಬೀಸುವ ಅಳತೆ ಬದಲಾಗುವುದಿಲ್ಲ. ಅತ್ತೆಯಾದವಳಿಗೆ ಮಾತ್ರ ಸೊಸೆಯ ತವರು, ಅದು ಪಕ್ಕದ ಕೊಹೀರೇ ಆಗಿರಲಿ, "ಭಾಳ್ ದೂರ ಆಗ್ತದ".

ಇಂಥ ಸೀಮೆಯಲ್ಲಿ ಲಗ್ನಪತ್ರಿಕೆಯ ಹಿಂಬದಿಗೆ "ತಲುಪುವ ಬಗೆ" ಅಂತ ತಲೆಬರಹ ಕೊಟ್ಟು, ಹತ್ತಿರದ ವಿಮಾನ ನಿಲ್ದಾಣ ಯಾವುದು, ಅಲ್ಲಿಂದ ಎಷ್ಟು ಕಿಲೋಮೀಟರು, ಹಾರಾಟಕ್ಕೆ ಎಷ್ಟು ಹೊತ್ತು ಎಂದೆಲ್ಲ ಅಚ್ಚು ಹಾಕಿಸಲು ಹೊರಟವರು ನಮ್ಮ ಕಾಕಾ. ಮಗ ಲಂಡನ್ನಿನಲ್ಲಿ. ಹೆಣ್ಣು ತಾಂಡೂರಿನದು. ಲಗ್ನ ಜಹೀರಾಬಾದಿನ ಫಂಕ್ಷನ್ ಹಾಲಿನಲ್ಲಿ. ಬರುವವರಲ್ಲಿ ಬೆಂಗಳೂರಿನವರಿದ್ದಾರೆ, ಹೈದರಾಬಾದಿನವರಿದ್ದಾರೆ, ಮಗನ ಆಫೀಸಿನ ಬಿಳಿ ದೊರೆಗಳೂ ಇದ್ದಾರಂತೆ. ನಾರಾಯಣಖೇಡದ ಮಾಮಾ, ಅಂದರೆ ಕಾಕಾನ ಅಕ್ಕನ ಗಂಡ, ಇದನ್ನು ಕೇಳಿ ಚಾದ ಬಸಿ ಕೆಳಗಿಟ್ಟರು. "ಏನಪಾ, ನಿಮ್ಮ ಮನ್ಯಾಗ ಲಗ್ನ ಎದ್ದದೋ ವಿಮಾನ ಎದ್ದದೋ?"

ಕಾಕಾನ ತಲೆಗೆ ಈ ಹುಳ ಬಿಟ್ಟದ್ದು ಮಗನ ಒಂದು ಫೋನು. ಶನಿವಾರ ಪ್ಯಾರಿಸ್‌ಗೆ ಹೋಗಿದ್ದೆ, ಐತವಾರ ತಿರುಗಿ ಬಂದೆ, ಒಂದೂಕಾಲು ತಾಸಿನ ದಾರಿ ಅಷ್ಟೇ ಅಪ್ಪಾ ಅಂದನಂತೆ ಹುಡುಗ. ಲಂಡನ್ನಿಗೂ ಪ್ಯಾರಿಸ್‌ಗೂ ನೇರ ಗೆರೆ ಎಳೆದರೆ 344 ಕಿ.ಮೀ. ಅಂದಿನಿಂದ ಕಾಕಾ ಈ ಎರಡು ಅಂಕಿಗಳನ್ನು ಜೇಬಿನಲ್ಲಿಟ್ಟುಕೊಂಡೇ ಊರು ತಿರುಗುತ್ತಿದ್ದಾರೆ. ಮಹೀಂದ್ರ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದವರಿಗೂ ಅದನ್ನೇ ಹೇಳುತ್ತಾರೆ, ಪಸ್ತಾಪುರದ ಕಡೆಯಿಂದ ಜೋಳ ಕೊರಲೆ ಹೊತ್ತು ಬಂದವರಿಗೂ ಅದನ್ನೇ. "344 ಕಿಲೋಮೀಟರ್ರಿ, ಒಂದೂಕಾಲು ತಾಸು! ಅಷ್ಟು ಹೊತ್ತಿನಾಗ ನಮ್ಮ ಬಸ್ಸು ಸಂಗಾರೆಡ್ಡಿ ದಾಟಂಗಿಲ್ಲ."

ನಾನು ಸುಮ್ಮನಿರಬೇಕಿತ್ತು. ಆದರೆ ಹರಟೆಗೆ ಕೂತವನಿಗೆ ಸುಮ್ಮನಿರುವ ರೋಗ ಬರುವುದಿಲ್ಲ. ಕಾಕಾ, ಆ ಒಂದೂಕಾಲು ತಾಸಿನಲ್ಲಿ ವಿಮಾನ ಗಾಳಿಯಲ್ಲಿ ಇರುವುದು ಒಂದು ತಾಸಿಗೂ ಕಡಿಮೆ ಅಂದೆ. ಉಳಿದದ್ದು ನಿಂತ ಜಾಗ ಬಿಟ್ಟು ಓಡುದಾರಿಯವರೆಗೆ ತೆವಳುವುದು, ಅಲ್ಲಿ ಸರದಿಗೆ ಕಾಯುವುದು, ಇಳಿದ ಮೇಲೆ ಮತ್ತೆ ತೆವಳಿ ಬಾಗಿಲಿಗೆ ಹತ್ತುವುದು. ವೇಳಾಪಟ್ಟಿಯ ಲೆಕ್ಕ ಬಾಗಿಲಿನಿಂದ ಬಾಗಿಲಿಗೆ. ಇನ್ನು ಮನೆಯಿಂದ ವಿಮಾನ ನಿಲ್ದಾಣ, ಅಲ್ಲಿ ಬೆಲ್ಟು ಬಿಚ್ಚುವುದು, ಬೂಟು ಬಿಚ್ಚುವುದು, ಪಾಸ್‌ಪೋರ್ಟಿನ ಸಾಲು, ಆ ಕಡೆ ಇಳಿದು ಊರೊಳಗೆ ಹೋಗುವುದು, ಇವೆಲ್ಲ ಆ ಅಂಕಿಯಲ್ಲಿ ಇಲ್ಲವೇ ಇಲ್ಲ. ಅದನ್ನೂ ಕೂಡಿಸಿದರೆ ನಾಲ್ಕು ತಾಸು ಸಲೀಸಾಗಿ ಆಗುತ್ತದೆ. ಸಮುದ್ರದ ತಳದ ಸುರಂಗದಲ್ಲಿ ಓಡುವ ರೈಲು ಲಂಡನ್ನಿನ ನಡುಮಧ್ಯದಲ್ಲಿ ಹತ್ತಿಸಿಕೊಂಡು ಎರಡೂಕಾಲು ತಾಸಿನ ಸುಮಾರಿಗೆ ಪ್ಯಾರಿಸ್ಸಿನ ನಡುಮಧ್ಯದಲ್ಲಿ ಇಳಿಸುತ್ತದೆ.

ಮಾಮಾನಿಗೆ ಇಷ್ಟು ಸಿಕ್ಕರೆ ಸಾಕಿತ್ತು. "ಹಂಗಾದ್ರ ನಿನ್ನ ಮಗ ರೈಲು ಬಿಟ್ಟು ವಿಮಾನ ಯಾಕ ಹತ್ತಿದ? ನಿನಗ ಫೋನಿನಾಗ ಹೇಳ್ಲಿಕ್ಕೆ."

ಕಾಕಾ ಬಿಡುವವರಲ್ಲ. ಗಡಿಯಾರದ ಅಸ್ತ್ರ ತೆಗೆದರು. ಪ್ಯಾರಿಸ್ಸಿನ ಗಡಿಯಾರ ಲಂಡನ್ನಿಗಿಂತ ಒಂದು ತಾಸು ಮುಂದು. ಆದ್ದರಿಂದ ಪ್ಯಾರಿಸ್ಸಿನಲ್ಲಿ ಹತ್ತಕ್ಕೆ ಹೊರಟವನು ಲಂಡನ್ನಿನಲ್ಲಿ ಹತ್ತೂಕಾಲಕ್ಕೆ ಇಳಿಯುತ್ತಾನೆ. ಲೆಕ್ಕಕ್ಕೆ 344 ಕಿಲೋಮೀಟರು ಹದಿನೈದು ನಿಮಿಷ! ಮಾಮಾ ಒಂದು ಕ್ಷಣ ತಬ್ಬಿಬ್ಬಾದದ್ದು ನಿಜ. ಆಮೇಲೆ ಕೇಳಿದರು: "ಹೋಗುವಾಗ?" ಹೋಗುವಾಗ ಹತ್ತಕ್ಕೆ ಹೊರಟರೆ ಹನ್ನೆರಡೂಕಾಲು. "ಅಂದ್ರ ಬರುವಾಗ ಉಳಿಸಿದ್ದು ಹೋಗುವಾಗಲೇ ಕಳಕೊಂಡಿದ್ದ. ನಮ್ಮ ಖೇಡದ ಸಂತ್ಯಾಗ ತಕ್ಕಡಿ ಹಿಡಿಯೋರೂ ಇಷ್ಟು ಚಂದ ಲೆಕ್ಕ ಮಾಡಂಗಿಲ್ಲ ಬಿಡು."

ಯುರೋಪಿನ ವಿಮಾನಗಳ ಗಮ್ಮತ್ತು ಒಂದೆರಡಲ್ಲ. ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇ ಅಂತ ಒಂದು, ಪಾಪಾ ವೆಸ್ಟ್ರೇ ಅಂತ ಇನ್ನೊಂದು. ನಡುವಿನ ಹಾರಾಟ ಬರೀ 2.7 ಕಿ.ಮೀ. ವೇಳಾಪಟ್ಟಿಯಲ್ಲಿ ಎರಡು ನಿಮಿಷ ಅಂತ ಹಾಕುತ್ತಾರೆ. ಗಾಳಿ ಹಿತವಾಗಿದ್ದ ಒಂದು ದಿನ 53 ಸೆಕೆಂಡಿನಲ್ಲೇ ಇಳಿಸಿದ ದಾಖಲೆಯಿದೆ. ಜಗತ್ತಿನಲ್ಲಿ ಇದಕ್ಕಿಂತ ಚಿಕ್ಕ ನಿತ್ಯದ ವಿಮಾನ ಸಂಚಾರ ಇಲ್ಲ. ಅತ್ತ ಫ್ರಾನ್ಸಿನವರು 2023ರಲ್ಲಿ ಹೊಸ ಕಾನೂನು ಜಾರಿಗೆ ತಂದು, ಎರಡೂವರೆ ತಾಸಿನೊಳಗೆ ರೈಲು ತಲುಪಿಸುವ ಕಡೆಗೆ ದೇಶದೊಳಗಿನ ವಿಮಾನವೇ ಬೇಡ ಅಂದರು. ಪ್ಯಾರಿಸ್ಸಿನ ಓರ್ಲಿಯಿಂದ ಬೋರ್ದೋ, ನಾಂತ್, ಲಿಯೋನ್‌ಗೆ ಹಾರುತ್ತಿದ್ದವು ನಿಂತವು. ಮಾಮಾನಿಗೆ ಈ ಕಾನೂನು ಬಹಳ ಹಿಡಿಸಿತು. "ನಮ್ಮ ಖೇಡಕ್ಕ ಆ ಕಾನೂನು ಬಂದ್ರ ಲಾಭ ಅದ. ರೈಲೇ ಇಲ್ಲ, ಅಂದಮ್ಯಾಲ ವಿಮಾನ ಬಿಡಲೇಬೇಕು!"

ಮಾತು ನಿಜ. ನಾರಾಯಣಖೇಡಕ್ಕೆ ರೈಲು ಬಂದಿಲ್ಲ. ರೈಲು ಬೇಕೆಂದರೆ ಬೀದರಿಗೋ ಜಹೀರಾಬಾದಿಗೋ ಬಸ್ಸು ಹತ್ತಬೇಕು. ತಲೆಯ ಮೇಲೆ ಮಾತ್ರ ವಿಮಾನಗಳಿಗೆ ಕೊರತೆಯಿಲ್ಲ. ಬೀದರಿನ ವಾಯುಪಡೆ ಕೇಂದ್ರದಲ್ಲಿ ಹೊಸ ಪೈಲಟ್‌ಗಳಿಗೆ ಹಾಕ್ ಜೆಟ್ಟಿನಲ್ಲಿ ತರಬೇತಿ. ಆಕಾಶದಲ್ಲಿ ಕಸರತ್ತು ಮಾಡುವ ಸೂರ್ಯಕಿರಣ ತಂಡದ ಮನೆಯೂ ಅದೇ. ಬೀದರಿನ ಓಡುದಾರಿಯಿಂದ ಜಹೀರಾಬಾದಿಗೆ ನೇರ ಗೆರೆಯಲ್ಲಿ 28 ಕಿ.ಮೀ., ನಾರಾಯಣಖೇಡಕ್ಕೆ 33. ಆ ಜೆಟ್ಟಿಗೆ ಅದು ಎರಡು, ಎರಡೂವರೆ ನಿಮಿಷದ ಮಾತು. ಪಾಪಾ ವೆಸ್ಟ್ರೇಗೆ ಸರಿಸಾಟಿ. ಆದರೆ ಕೂರಿಸಿಕೊಂಡು ಹೋಗುವವರು ಯಾರು? ಸದ್ದು ನಮ್ಮದು, ಸೀಟು ಅವರದು.

ಹಾಗಾದರೆ ಜನ ಕೂರುವ ವಿಮಾನ? ಇಲ್ಲಿಗೆ ಕಾಕಾನ "ತಲುಪುವ ಬಗೆ" ಸಿಕ್ಕಿಹಾಕಿಕೊಂಡಿತು. ಜಹೀರಾಬಾದಿನ ಸುತ್ತ ವಿಮಾನ ನಿಲ್ದಾಣ ಒಂದಲ್ಲ, ಮೂರು. ಹೈದರಾಬಾದಿನ ಶಂಷಾಬಾದ್, ಬೀದರ್, ಕಲಬುರಗಿ. ನಕಾಶೆಯ ಮೇಲೆ ಅಡ್ಡಕೋಲು ಇಟ್ಟರೆ ಕ್ರಮವಾಗಿ 100, 28, 80 ಕಿ.ಮೀ. ಹತ್ತಿರದ್ದು ಬೀದರ್ ಎಂದು ಕಣ್ಣು ಮುಚ್ಚಿ ಬರೆಯಬಹುದಲ್ಲ? ಬರೆಯಬಹುದು. ಆದರೆ ಬೀದರಿನ ವಿಮಾನಕ್ಕೆ ತನ್ನದೇ ಒಂದು ಜಾತಕವಿದೆ, ಅದನ್ನು ಓದದೆ ಬರೆದರೆ ಬೀಗರೆಲ್ಲ ದಾರಿಯಲ್ಲೇ ಉಳಿಯುತ್ತಾರೆ.

ಶಂಷಾಬಾದಿನ ವಿಮಾನ ನಿಲ್ದಾಣಕ್ಕೆ 2004ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವೂ ಜಿಎಂಆರ್ ಕಂಪನಿಯೂ ಕರಾರು ಬರೆದುಕೊಂಡರು. ಅದರಲ್ಲಿ ಒಂದು ಷರತ್ತು: ಅದು ಬಾಗಿಲು ತೆರೆದ ಮೇಲೆ 25 ವರ್ಷ, ಆಕಾಶಮಾರ್ಗದ 150 ಕಿ.ಮೀ. ಒಳಗೆ ಮತ್ತೊಂದು ವಿಮಾನ ನಿಲ್ದಾಣ ತಲೆ ಎತ್ತಬಾರದು. 2008ರ ಮಾರ್ಚಿನಲ್ಲಿ ಶಂಷಾಬಾದಿನಲ್ಲಿ ವಿಮಾನ ಇಳಿಯತೊಡಗಿತು. ಬೀದರಿನಲ್ಲಿ ವಾಯುಪಡೆಯ ಓಡುದಾರಿ ಮೊದಲೇ ಇತ್ತು, ಪ್ರಯಾಣಿಕರ ಟರ್ಮಿನಲ್ಲೂ ಎದ್ದಿತು. ಎದ್ದು ನಿಂತೇ ಇತ್ತು, ವರ್ಷಗಟ್ಟಲೆ ಬೀಗ ಹಾಕಿಕೊಂಡು. ರಸ್ತೆಯಲ್ಲಿ ಅಳೆದರೆ ಬೀದರ್ ಶಂಷಾಬಾದಿನಿಂದ 150ರ ಅಕ್ಕಪಕ್ಕಕ್ಕೆ ಬರುತ್ತದೆ, ಒಂದಿಷ್ಟು ಗಲಾಟೆ ಮಾಡಬಹುದಿತ್ತು. ಆದರೆ ಕರಾರಿನಲ್ಲಿ ಬರೆದದ್ದು ಆಕಾಶದ ದೂರ. ಅಲ್ಲಿ ಸದಾಶಿವಪೇಟೆಯ ತಿರುವಿಲ್ಲ, ಪಟಾನ್‌ಚೆರುವಿನ ಸಿಗ್ನಲ್ಲಿಲ್ಲ. 125 ಕಿಲೋಮೀಟರಿಗೆ ಅರ್ಧ ಕಿಲೋಮೀಟರು ಕಡಿಮೆ, ಅಷ್ಟೇ. ವರಂಗಲ್ಲಿನ ಮಾಮ್ನೂರು ವಿಮಾನ ನಿಲ್ದಾಣವೂ ಇದೇ ವರ್ತುಲದೊಳಗೆ ಸಿಕ್ಕಿಬಿದ್ದಿತ್ತು. ಕಲಬುರಗಿಯ ಹೊರವಲಯದ ಶ್ರೀನಿವಾಸ ಸರಡಗಿಯ ನಿಲ್ದಾಣ ಮಾತ್ರ ಶಂಷಾಬಾದಿನಿಂದ 156 ಕಿ.ಮೀ.; ಆರು ಕಿಲೋಮೀಟರಿನಲ್ಲಿ ಗೆರೆಯಾಚೆ ಉಳಿದುಕೊಂಡಿತು. ದೂರವಿದ್ದದ್ದಕ್ಕೆ ಲಾಭವಾದ ಊರು ನಮ್ಮ ಸೀಮೆಯಲ್ಲಿ ಅದೊಂದೇ ಇರಬೇಕು.

ಕೊನೆಗೆ ಕಲಬುರಗಿಯಲ್ಲಿ 2019ರ ನವೆಂಬರ್ 22ಕ್ಕೆ, ಬೀದರಿನಲ್ಲಿ 2020ರ ಫೆಬ್ರುವರಿ 7ಕ್ಕೆ ವಿಮಾನ ಎದ್ದಿತು. ಬೀದರಿನ ನಿಲ್ದಾಣ ನಡೆಸುವ ಹೊಣೆ ಹೊತ್ತದ್ದೂ ಅದೇ ಜಿಎಂಆರ್. ತಕರಾರು ಮಾಡಿದವನನ್ನೇ ಪಾಲಿಗೆ ಸೇರಿಸಿಕೊಂಡರೆ ತಕರಾರು ಮುಗಿಯಿತು ಅನ್ನುವುದು ಹೊಲದ ಬದುವಿನ ಜಗಳ ಕಂಡವರಿಗೆಲ್ಲ ಗೊತ್ತಿರುವ ವಿದ್ಯೆ. ಬೆಂಗಳೂರಿನ ವಿಮಾನ ಹಾರಿ ಎರಡು ತಿಂಗಳು ಆಗುವುದರೊಳಗೆ ಕೊರೊನಾ ಬಂದು ಎಲ್ಲವೂ ನೆಲಕ್ಕೆ. ಆಮೇಲೆ ಹಾರಿತು, ನಿಂತಿತು. 2022ರಲ್ಲಿ ಬೇರೆ ಕಂಪನಿ ಬಂತು, 2023ರ ಕೊನೆಗೆ ಮತ್ತೆ ನಿಂತಿತು. 2025ರ ಏಪ್ರಿಲ್‌ನಲ್ಲಿ ಮತ್ತೆ ಎದ್ದಿತು. ಬೀದರಿನಿಂದ ಬೆಂಗಳೂರಿಗೆ ನೇರ ಗೆರೆ ಸುಮಾರು 520 ಕಿ.ಮೀ., ಹಾರಾಟ ಒಂದು ತಾಸಿಗೆ ಚೂರು ಮೇಲೆ. ಲಂಡನ್–ಪ್ಯಾರಿಸ್ಸಿಗಿಂತ ಎಷ್ಟೋ ಉದ್ದದ ದಾರಿ, ಹೊತ್ತು ಹೆಚ್ಚುಕಡಿಮೆ ಅಷ್ಟೇ. ಇದನ್ನು ಹೇಳಿದಾಗ ಕಾಕಾನ ಮುಖ ಅರಳಿತು, "ಹಂಗಾದ್ರ ನಮ್ಮ ಬೀದರಿನ ವಿಮಾನ ಇಂಗ್ಲೆಂಡಿಂದಕಿಂತ ಜೋರು!" ಜೋರೇನೋ ಹೌದು, ಆದರೆ ಪತ್ರಿಕೆ ಅಚ್ಚಾಗಿ ಲಗ್ನದ ದಿನ ಬರುವುದರೊಳಗೆ ಅದು ಎದ್ದಿರುತ್ತದೋ ಕೂತಿರುತ್ತದೋ ಅನ್ನುವುದಕ್ಕೆ ಪಂಚಾಂಗ ನೋಡಬೇಕು.

ತಾಂಡೂರಿನ ಬೀಗಿತ್ತಿ ಮಾತಾಡಿದ್ದು ಆಗ. ಅವರು ತೊಗರಿ ವ್ಯಾಪಾರದ ಮನೆಯವರು, ಅಳತೆಯ ವಿಷಯದಲ್ಲಿ ಯಾರಿಗೂ ಬಗ್ಗುವವರಲ್ಲ. "ಎಲ್ಲಾ ನಿಮ್ಮ ಜಹೀರಾಬಾದಿನಿಂದ ಅಳೀತೀರಲ್ಲ ಬೀಗರ, ನಮ್ಮ ಊರಿನಿಂದ ಯಾಕ ಅಳ್ಯಂಗಿಲ್ಲ?" ಅಳೆದೆವು. ಅಳೆದ ಮೇಲೆ ನನಗೇ ಬೆರಗು. ಶಂಷಾಬಾದಿನ ವಿಮಾನ ನಿಲ್ದಾಣ, ತಾಂಡೂರು, ಕಲಬುರಗಿಯ ವಿಮಾನ ನಿಲ್ದಾಣ, ಮೂರೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲೆ ಕೂತಿವೆ, 17 ಡಿಗ್ರಿಯ ಮೇಲೆ ಒಂದು ಕಾಲು. ದಾರ ಹಿಡಿದು ಎಳೆದರೆ ತಾಂಡೂರು ದಾರದ ಮೇಲೇ ಬರುತ್ತದೆ. ಪೂರ್ವಕ್ಕೆ 90 ಕಿ.ಮೀ., ಪಶ್ಚಿಮಕ್ಕೆ 66. ಬೀಗಿತ್ತಿಗೆ ಇದರಿಂದ ಆದ ಸಂತೋಷ ನೋಡಬೇಕಿತ್ತು. ಎರಡು ನಿಲ್ದಾಣಗಳ ನಟ್ಟನಡುವೆ ಇದ್ದೂ ಯಾವುದೂ ತಮ್ಮದಲ್ಲ ಅನ್ನುವುದು ಅವರ ಲಕ್ಷ್ಯಕ್ಕೆ ಬರಲಿಲ್ಲ, ನಾನೂ ತರಲಿಲ್ಲ.

ಹಾಗಂತ ತಾಂಡೂರಿನವರು ಜಂಬ ಪಡುವುದಕ್ಕೆ ರೈಲಿದೆ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾದದ್ದು 1874ರಲ್ಲಿ. ತಾಂಡೂರು ಆ ದಾರಿಯ ಮೇಲಿನ ಊರು. ಬಂಡೆಗಲ್ಲೂ ತೊಗರಿಯೂ ಅಲ್ಲಿಂದಲೇ ದೇಶ ತಿರುಗಲು ಹೊರಟದ್ದು. ಆದರೆ ನಮ್ಮ ರೈಲಿನ ಗಣಿತ ಬೇರೆ. ಗಂಡಿನ ಊರಿಗೂ ಹೆಣ್ಣಿನ ಊರಿಗೂ ನೇರ ಗೆರೆ 50 ಕಿ.ಮೀ.ಗೂ ಕಡಿಮೆ, ಉತ್ತರದಿಂದ ದಕ್ಷಿಣಕ್ಕೆ ಸೊಟ್ಟವಿಲ್ಲದ ಗೆರೆ. ರೈಲಿನಲ್ಲಿ ಹೋಗುತ್ತೇನೆ ಎಂದವನು ಜಹೀರಾಬಾದಿನಿಂದ ಕೊಹೀರ್ ಮೇಲೆ ವಿಕಾರಾಬಾದಿಗೆ ಇಳಿದು, ಅಲ್ಲಿ ಗಾಡಿ ಬದಲಿಸಿ ಪಶ್ಚಿಮಕ್ಕೆ ತಿರುಗಿ ತಾಂಡೂರು ಮುಟ್ಟಬೇಕು. ಬೀದರಿನವರು ಕಲಬುರಗಿಗೆ ರೈಲಿನಲ್ಲಿ ಹೋಗಲು ಇನ್ನೂ ಚಂದದ ಪ್ರದಕ್ಷಿಣೆ ಮಾಡುತ್ತಿದ್ದರು: ಜಹೀರಾಬಾದ್, ವಿಕಾರಾಬಾದ್, ತಾಂಡೂರು, ವಾಡಿ, ಆಮೇಲೆ ಕಲಬುರಗಿ. ಪಕ್ಕದ ಜಿಲ್ಲೆಗೆ ಹೋಗಲು ಪಕ್ಕದ ರಾಜ್ಯ ಸುತ್ತಬೇಕು. ನೇರ ದಾರಿಯ 110 ಕಿ.ಮೀ. ರೈಲು 2017ರ ಅಕ್ಟೋಬರಿನಲ್ಲಿ ಶುರುವಾಗುವವರೆಗೆ ಇದೇ ಪಾಡು.

"ಪಕ್ಕದ ರಾಜ್ಯ ಅಂತೀಯಲ್ಲ, ಅದೆಲ್ಲಿತ್ತು ಮೊದಲು?" ಅಂದರು ಮಾಮಾ. ಈ ಪ್ರಶ್ನೆಯ ಹಿಂದೆ ದೊಡ್ಡ ಪುರಾಣವೇ ಬರುತ್ತದೆ ಎಂದು ಗೊತ್ತಿದ್ದ ಅತ್ತಿ, ಅಂದರೆ ಮಾಮಾನ ಹೆಂಡತಿ, ಇನ್ನೊಂದು ಸುತ್ತು ಚಾ ತರಲು ಎದ್ದರು. ಪುರಾಣ ಇಷ್ಟು. ಜಹೀರಾಬಾದೂ ನಾರಾಯಣಖೇಡವೂ ಬೀದರ್ ಜಿಲ್ಲೆಯ ತಾಲೂಕುಗಳಾಗಿದ್ದವು, ತಾಂಡೂರು ಗುಲಬರ್ಗಾ (ಈಗಿನ ಕಲಬುರಗಿ) ಜಿಲ್ಲೆಯದಾಗಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಹೊಸದಾಗಿ ಎಳೆದಾಗ ಬೀದರೂ ಗುಲಬರ್ಗವೂ ಮೈಸೂರು ರಾಜ್ಯಕ್ಕೆ ಹೋದವು, ಇವು ಮೂರು ಆಂಧ್ರಪ್ರದೇಶಕ್ಕೆ. ಮೊದಲಿನ ಎರಡು ಮೇದಕ್ ಜಿಲ್ಲೆಗೆ ಸೇರಿದವು, ತಾಂಡೂರು ಹೈದರಾಬಾದ್ ಜಿಲ್ಲೆಗೆ. ತಾಂಡೂರಿನ ಜೊತೆ ಗುಲಬರ್ಗದಿಂದ ಹೊರಟ ಕೊಡಂಗಲ್ ಈಗ ತೆಲಂಗಾಣದ ಮುಖ್ಯಮಂತ್ರಿ ರೇವಂತ ರೆಡ್ಡಿ ಅವರ ಕ್ಷೇತ್ರ. ಅದು ಹಾರಿದ ದೂರವೇ ಬೇರೆ ಬಿಡಿ. 2014ರಲ್ಲಿ ತೆಲಂಗಾಣವಾಯಿತು. 2016ರ ಅಕ್ಟೋಬರಿನಲ್ಲಿ ಜಿಲ್ಲೆಗಳನ್ನು ಒಡೆದಾಗ ಜಹೀರಾಬಾದ್, ನಾರಾಯಣಖೇಡ ಸಂಗಾರೆಡ್ಡಿಗೆ, ತಾಂಡೂರು ವಿಕಾರಾಬಾದಿಗೆ.

ಮಾಮಾ ಬೆರಳು ಮಡಚಿ ಎಣಿಸಿದರು. "ನಮ್ಮಪ್ಪ ಹುಟ್ಟಿದ್ದು ನಿಜಾಮನ ರಾಜ್ಯದಾಗ. ಆಮ್ಯಾಲ ಹೈದರಾಬಾದ್ ರಾಜ್ಯ, ಆಮ್ಯಾಲ ಆಂಧ್ರ, ಈಗ ತೆಲಂಗಾಣ. ಜಿಲ್ಲಾ ಬೀದರ್, ಮೇದಕ್, ಸಂಗಾರೆಡ್ಡಿ. ಮನಿ ಅದೇ, ಕಟ್ಟಿ ಅದೇ, ಬೇವಿನ ಗಿಡ ಅದೇ. ಕುಂತಲ್ಲೇ ಇಷ್ಟು ಊರು ತಿರುಗ್ಯಾರ ನಮ್ಮವರು. ಟಿಕೆಟ್ ಇಲ್ಲ, ಪಾಸ್‌ಪೋರ್ಟ್ ಇಲ್ಲ. ಒಂದು ರಾತ್ರಿ ಮಲಗಿ ಎದ್ರ ಇನ್ನೊಂದು ರಾಜ್ಯ. ನಿನ್ನ ಮಗನ ವಿಮಾನಕ್ಕ ಇದು ಆಗ್ತದೇನು?"

ಕಾಕಾನ ಬಳಿ ಉತ್ತರವಿರಲಿಲ್ಲ. ನನ್ನ ಬಳಿಯೂ ಇಲ್ಲ.

ಗೆರೆ ಎಳೆದವರು ಕಿಲೋಮೀಟರು ಬದಲಿಸಲಿಲ್ಲ, ಅದನ್ನು ಒಪ್ಪಬೇಕು. ಬೀದರ್ ಅಂದೂ ಅಷ್ಟೇ ದೂರ, ಇಂದೂ ಅಷ್ಟೇ. ಬದಲಾದದ್ದು ಟಿಕೆಟ್ಟು. ಕರ್ನಾಟಕದಲ್ಲಿ 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸು ಬಿಟ್ಟಿ, ತೆಲಂಗಾಣದಲ್ಲಿ ಅದೇ ವರ್ಷದ ಡಿಸೆಂಬರಿನಿಂದ. ಆದರೆ ಎರಡರ ಬಿಟ್ಟಿಯೂ ತಮ್ಮ ತಮ್ಮ ಜನಕ್ಕೆ, ತಮ್ಮ ತಮ್ಮ ಸೀಮೆಯೊಳಗೆ. ಜಹೀರಾಬಾದಿನಿಂದ 100 ಕಿ.ಮೀ. ಆಚೆಯ ಹೈದರಾಬಾದಿಗೆ ಪುಕ್ಕಟೆ ಹೋಗುವ ಅತ್ತಿ, 30 ಕಿ.ಮೀ. ದಾರಿಯ ಬೀದರಿಗೆ, ಮಗಳ ಮನೆಗೆ, ದುಡ್ಡು ಕೊಡಬೇಕು. ಆದ್ದರಿಂದ ಅತ್ತಿಯ ಲೆಕ್ಕದಲ್ಲಿ ಹೈದರಾಬಾದ್ ಹತ್ತಿರ, ಬೀದರ್ ದೂರ. ಭೂಗೋಳದ ಮಾಸ್ತರರು ತಕರಾರು ಮಾಡಲಿ ನೋಡೋಣ.

ಇಷ್ಟಾದರೂ ಲಂಡನ್ನಿನವರು ಬರುವ ದಾರಿ ಇತ್ಯರ್ಥ ಆಗಬೇಕಿತ್ತು. ಅವರಿಗೆ ಶಂಷಾಬಾದೇ ಗತಿ. ಲಂಡನ್ನಿನಿಂದ ಹೈದರಾಬಾದಿಗೆ ಏಳೂವರೆ ಸಾವಿರ ಕಿ.ಮೀ.ಗೂ ಮೇಲೆ, ನಡುವೆ ಎಲ್ಲೂ ನಿಲ್ಲದ ವಿಮಾನವಿದೆ. ಇಲ್ಲಿಂದ ಅಲ್ಲಿಗೆ ಹತ್ತು ತಾಸಿನ ಸುಮಾರು, ಅಲ್ಲಿಂದ ಇಲ್ಲಿಗೆ ಒಂಬತ್ತು. ಮೇಲೆ, ವಿಮಾನ ಹಾರುವ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಗಾಳಿಯ ಹೊಳೆಯೇ ಇದೆ. ಪೂರ್ವಕ್ಕೆ ಬರುವ ವಿಮಾನವನ್ನು ಅದು ಬೆನ್ನಿಗೆ ನಿಂತು ದೂಡುತ್ತದೆ, ಪಶ್ಚಿಮಕ್ಕೆ ಹೋಗುವುದನ್ನು ಎದೆಗೆ ನಿಂತು ತಡೆಯುತ್ತದೆ. ಕಾಕಾ ಗಾಳಿಯ ಮಾತು ಒಪ್ಪಲಿಲ್ಲ. ಹೊಲಕ್ಕೆ ಹೋಗುವಾಗ ಕಾಲೆಳೆಯುವ ಎತ್ತು ಮನೆ ಕಡೆ ತಿರುಗಿದರೆ ಓಡುತ್ತದೆ, ಹುಡುಗರು ಊರಿಗೆ ಬರುವಾಗ ವಿಮಾನಕ್ಕೂ ಹಾಗೇ ಆಗುತ್ತದೆ ಎಂಬುದು ಅವರ ಸಿದ್ಧಾಂತ. ಶಂಷಾಬಾದಿನಲ್ಲಿ ಇಳಿದ ಮೇಲೆ ಪುಷ್ಪಕ್ ಬಸ್ಸಿದೆ, ಹೆಸರು ವಿಮಾನದ್ದು, ಓಡುವುದು ರಸ್ತೆಯ ಮೇಲೆ, ಅದೂ ಪಟ್ಟಣದವರೆಗೆ. ಅಲ್ಲಿಂದ ಮುಂದೆ ಜಹೀರಾಬಾದಿನ ಬಸ್ಸು ಹುಡುಕಬೇಕು. ಕಾರಿದ್ದವರು ಹೊರವರ್ತುಲ ರಸ್ತೆ ಹಿಡಿದು ಪಟಾನ್‌ಚೆರು ಹತ್ತಿರ ಇಳಿದು ಹೆದ್ದಾರಿ ಸೇರುತ್ತಾರೆ. ಆ ಹೊತ್ತಿಗೆ ಲಂಡನ್ನಿನವರು ಪ್ಯಾರಿಸ್ಸಿಗೆ ಹೋಗಿ ತಿರುಗಿ ಬಂದಿರುತ್ತಾರೆ, ಕಾಕಾನ ಲೆಕ್ಕದಲ್ಲಿ.

ಎಲ್ಲವನ್ನೂ ಬರೆದು ಅಚ್ಚಿನವನ ಕೈಗೆ ಕೊಟ್ಟದ್ದಾಯಿತು. ಮೂರು ನಿಲ್ದಾಣ, ಮೂರು ದೂರ, ಹಾರಾಟದ ಹೊತ್ತು, ಬೀದರಿನ ವಿಮಾನದ ಮುಂದೆ "ಇದ್ದರೆ" ಎಂಬ ಒಂದು ಷರಾ. ಅಚ್ಚಿನವನು ಅಳೆದೂ ಸುರಿದೂ ನೋಡಿ ಹೇಳಿದ: "ಸಾಹೇಬ್ರ, ಜಾಗ ಸಾಲಂಗಿಲ್ಲ. ಒಂದೋ ವಿಮಾನ ಇಡ್ರಿ, ಇಲ್ಲಾ ಸುಖಾಗಮನ ಬಯಸುವವರನ್ನ ಇಡ್ರಿ."

ಸುಖಾಗಮನ ಬಯಸುವವರ ಪಟ್ಟಿ ಅಂದರೆ ನಿಮಗೆ ಗೊತ್ತಲ್ಲ. ಅಣ್ಣತಮ್ಮಂದಿರು, ಅಳಿಯಂದಿರು, ಮೊಮ್ಮಕ್ಕಳು, ನಿನ್ನೆ ಮೊನ್ನೆ ಹುಟ್ಟಿ ಇನ್ನೂ ಕಣ್ಣು ಬಿಡದ ಕೂಸಿನ ಹೆಸರೂ ಅಲ್ಲಿರಬೇಕು. ಅದರಲ್ಲಿ ಒಂದು ಹೆಸರು ಬಿಟ್ಟರೆ ಆಗುವ ದೂರವನ್ನು ಯಾವ ವಿಮಾನವೂ ದಾಟಿಸಲಾರದು. ಕಾಕಾ ವಿಮಾನ ಕೈಬಿಟ್ಟರು. ಮೂಲೆಯಲ್ಲಿ "ದಾರಿಯ ವಿವರಕ್ಕೆ ಸಂಪರ್ಕಿಸಿ" ಎಂದು ಒಂದು ಮೊಬೈಲ್ ನಂಬರು ಉಳಿಯಿತು, ಮಾಮಾನದು.

ಈಗ ದಿನವಿಡೀ ಮಾಮಾನಿಗೆ ಫೋನು. ಯಾರೇ ದಾರಿ ಕೇಳಲಿ, ಎಲ್ಲಿಂದ ಬರುತ್ತೀರಿ ಅಂತ ಮಾಮಾ ಕೇಳುವುದಿಲ್ಲ. ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಅಂತ ಕೇಳುತ್ತಾರೆ. ಗಂಡಿನ ಕಡೆಯವರಾದರೆ ಆರಾಮ ಬರ್ರಿ ಅನ್ನುತ್ತಾರೆ. ಹೆಣ್ಣಿನ ಕಡೆಯವರಾದರೆ ರಸ್ತೆ ಕೆಲಸ ನಡೆದದ, ದಾರಿ ಭಾಳ್ ಖರಾಬ್ ಅದ, ಎರಡು ತಾಸು ಮೊದಲೇ ಹೊರಡ್ರಿ ಅನ್ನುತ್ತಾರೆ. ತಾಂಡೂರಿನವರು ಅಕ್ಕಿಕಾಳಿನ ಹೊತ್ತಿಗೆ ಹಾಲಿನಲ್ಲಿ ಇರಬೇಕೆಂದರೆ ಬೇರೆ ಲೆಕ್ಕ ನಡೆಯುವುದಿಲ್ಲವಂತೆ. ಬೀಗಿತ್ತಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ.